ಆಲಮಟ್ಟಿಯ ಹರ್ಡೇಕರ ಮಂಜಪ್ಪ: ಅಹಿಂಸಾ ಹೋರಾಟದ ಬದುಕನ್ನು ಬೋಧಿಸುವ ಬಗೆ

ಬೋಧನಾಭ್ಯಾಸದ ವೀಕ್ಷಣೆಗೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಿಗೆ ನಾನು ಹೋಗುತ್ತಿರುತ್ತೇನೆ. ಮೈಲಾರ ಮಹಾದೇವರ ಹೆಸರು ಮಕ್ಕಳಿಗೆ ಗೊತ್ತು. 1943ರಲ್ಲಿ ಹೊಸರಿತ್ತಿಯಲ್ಲಿ ಅವರು ಗುಂಡಿಗೆ ಬಲಿಯಾದದ್ದು ತಾನೇ ಕಥೆಯಾಗಿ ಉಳಿಯುತ್ತದೆ. ಆದರೆ 'ಕರ್ನಾಟಕದ ಗಾಂಧಿ' ಎನಿಸಿದ ಹರ್ಡೇಕರ ಮಂಜಪ್ಪನವರು ನಮ್ಮ ಜಿಲ್ಲೆಯ ಆಲಮಟ್ಟಿಯಲ್ಲಿ ನೆಲೆಸಿದ್ದರು ಎಂಬುದು ಪ್ರಶಿಕ್ಷಣಾರ್ಥಿಗಳಿಗೂ ಹೊಸ ಸುದ್ದಿ. ಆಲಮಟ್ಟಿ ಎಂದರೆ ಅಣೆಕಟ್ಟು, ಅಷ್ಟೇ.

ಪಾಠ ಯೋಜನೆಗಳಲ್ಲಿ ಇಸವಿಗಳು ಸಾಲಾಗಿ ನಿಂತಿರುತ್ತವೆ: 1886ರಲ್ಲಿ ಬನವಾಸಿಯಲ್ಲಿ ಜನನ, 1906ರಲ್ಲಿ ದಾವಣಗೆರೆಯಲ್ಲಿ 'ಧನುರ್ಧಾರಿ' ಪತ್ರಿಕೆ, 1923ರಲ್ಲಿ ಹರಿಹರದ ಸತ್ಯಾಗ್ರಹಾಶ್ರಮ, 1927ರಲ್ಲಿ ಆಲಮಟ್ಟಿ, 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮೊದಲು, ನಿಧನ. ಇದಕ್ಕೆ ಕಪ್ಪುಹಲಗೆಯ ಒಂದು ಮೂಲೆ ಸಾಕು. ಬಾಗೇವಾಡಿ ಕಡೆಯ ಶಾಲೆಗಳಲ್ಲಾದರೆ 1913ರಿಂದ ಪಾಠ ಆರಂಭಿಸಿರಿ. ಆ ವರ್ಷ ದಾವಣಗೆರೆಯಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಸಾರ್ವಜನಿಕವಾಗಿ ಬಸವ ಜಯಂತಿ ಆರಂಭಿಸಿದವರು ಇವರೇ. ಪೂರ್ವಜ್ಞಾನ ಮಕ್ಕಳಲ್ಲಿಯೇ ಇದೆ, ಹುಡುಕಬೇಕಿಲ್ಲ.

ಶಿರಸಿಯಲ್ಲಿ ಶಿಕ್ಷಕರಾಗಿದ್ದ ಮಂಜಪ್ಪನವರು ಸ್ವದೇಶಿ ಚಳವಳಿಯ ಕರೆಗೆ ನೌಕರಿ ಬಿಟ್ಟರು. ಮುಂದೆ ಖಾದಿ ಪ್ರಚಾರಕ್ಕೆಂದೇ 'ಖಾದಿ ವಿಜಯ' ನಡೆಸಿದರು. ಪಾಠ ಬಿಗಿಯಾಗುವುದು ಇಲ್ಲಿ. ಮುದ್ದೇಬಿಹಾಳ ತಾಲೂಕಿನ ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು, "ಸರ್, ನೂಲು ತಗದ್ರ ಬ್ರಿಟಿಷರು ಹೆಂಗ ಹೆದರ್ತಾರ್ರೀ?" ಎಂದಳು. ಪ್ರಶಿಕ್ಷಣಾರ್ಥಿ ಉತ್ತರ ಹೇಳಲಿಲ್ಲ. "ನಿಮ್ಮ ಹೊಲದಾಗಿನ ಹತ್ತಿ ಅಗ್ಗಕ್ಕ ಒಯ್ದು, ಅರಿವಿ ಮಾಡಿ ನಿಮಗ ತುಟ್ಟಿಗೆ ಮಾರಿದ್ರ ಲಾಭ ಯಾರಿಗವ್ವಾ?" ಎಂದು ಕೇಳಿ ಸುಮ್ಮನೆ ನಿಂತ. ಹಿಂದಿನ ಸಾಲಿನಿಂದ ಉತ್ತರ ಬಂತು: "ನಾವು ತಗೊಳ್ಳಲಿಲ್ಲಂದ್ರ ಅವರ ಅಂಗಡಿ ಬಂದ್ ಆಗ್ತೈತ್ರೀ." 'ಅಸಹಕಾರ' ಎಂಬ ಪದವನ್ನು ಆತ ಹಲಗೆಯ ಮೇಲೆ ಬರೆದದ್ದು ಅದಾದ ನಂತರ. ಆ ಕ್ರಮವೇ ಸರಿ. ಅಹಿಂಸೆ ಎಂದರೆ ಏಟು ತಿಂದು ಸುಮ್ಮನಿರುವುದು ಎಂಬ ತಪ್ಪು ಕಲ್ಪನೆ ವ್ಯಾಖ್ಯೆಯಿಂದ ಹೋಗುವುದಿಲ್ಲ.

ಮೌಲ್ಯಮಾಪನಕ್ಕೆ 'ಕರ್ನಾಟಕದ ಗಾಂಧಿ ಯಾರು?' ಎಂಬ ಪ್ರಶ್ನೆ ಬೇಡ. ನೌಕರಿ ಬಿಡುವುದು, ಪತ್ರಿಕೆ ನಡೆಸುವುದು, ನೂಲುವುದು, ಆಲಮಟ್ಟಿಯಲ್ಲಿ ವಿದ್ಯಾಲಯ ಕಟ್ಟುವುದು: ಇವುಗಳಲ್ಲಿ ಯಾವುದು ಪ್ರತಿಭಟನೆ, ಏಕೆ ಎಂದು ಕೇಳಿರಿ. ಸಿಂದಗಿಯಲ್ಲಿ ಹೀಗೆ ಕೇಳಿದಾಗ ಮೊದಲ ಮೂರಕ್ಕೆ ಎಲ್ಲರೂ ಒಪ್ಪಿದರು. ವಿದ್ಯಾಲಯದ ವಿಷಯದಲ್ಲಿ ತರಗತಿ ಎರಡಾಯಿತು; ಗಂಟೆ ಹೊಡೆದ ಮೇಲೂ ಮಕ್ಕಳು ವಾದಿಸುತ್ತಲೇ ಹೊರಗೆ ಹೋದರು.