ಹೊಳೆದಂಡೆಯ ಜಲ್ಲಿದಾರಿ: ಸೈಕಲ್ ಸವಾರಿ ಮತ್ತು ದೇಹಾರೋಗ್ಯ

ಶರಣರು ಕಾಯವನ್ನು ಹೀಗಳೆದವರಲ್ಲ. ಕಾಯಕಕ್ಕೆ ಕಾಯವೇ ಆಧಾರವೆಂದೂ, ಇಷ್ಟಲಿಂಗವನ್ನು ಧರಿಸಿದ ಈ ದೇಹವೇ ದೇಗುಲವೆಂದೂ ಅರಿತು ನಡೆದವರು. ದೇಗುಲವನ್ನು ನಿತ್ಯ ಗುಡಿಸಿ ಸಾರಿಸುವಂತೆ ದೇಹವನ್ನೂ ನಿತ್ಯ ದುಡಿಸಿ ಕಾಪಾಡಬೇಕಾದುದು ಲಿಂಗವಂತರ ಕರ್ತವ್ಯ. ಹಿರಿಯರಿಗೆ ಹೊಲಗದ್ದೆಯ ದುಡಿಮೆಯೇ ವ್ಯಾಯಾಮವಾಗಿತ್ತು. ದಿನವಿಡೀ ಕುಳಿತು ಕೆಲಸ ಮಾಡುವ ನಮಗೆ ಅದನ್ನು ಬೇರೆಯಾಗಿಯೇ ರೂಢಿಸಿಕೊಳ್ಳಬೇಕಾಗಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಪೂರೈಸಲು ಸೈಕಲ್ ಸವಾರಿ ಒಂದು ಸುಲಭ ಸಾಧನ.

ಇತ್ತೀಚೆಗೆ ಡಾಂಬರು ರಸ್ತೆಯನ್ನು ಬಿಟ್ಟು ಮಣ್ಣು ಜಲ್ಲಿಯ ದಾರಿಗಳಲ್ಲಿ ಸೈಕಲ್ ತುಳಿಯುವ ಅಭ್ಯಾಸವು ಲೋಕದೆಲ್ಲೆಡೆ ಹಬ್ಬುತ್ತಿದೆ. ಇದಕ್ಕೆ ಗ್ರಾವೆಲ್ ಸೈಕ್ಲಿಂಗ್ ಎಂದು ಹೆಸರು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಿಂದ ಇದರ ದೊಡ್ಡ ಸ್ಪರ್ಧೆಯೇ ನಡೆಯುತ್ತಿದೆ. ಹೆಸರು ಹೊಸದಾದರೂ ರೂಢಿ ನಮಗೆ ಹಳೆಯದು. ನಮ್ಮ ತಂದೆಯವರ ಕಾಲದ ಕಪ್ಪು ಸೈಕಲ್ಲಿನ ಒಂದೂವರೆ ಇಂಚಿನ ಟಯರು ಸುಮಾರು 40 ಮಿ.ಮೀ. ಅಗಲವಾಗಿತ್ತು. ಇಂದಿನ ಗ್ರಾವೆಲ್ ಸೈಕಲ್ಲಿನ ಟಯರೂ ಹೆಚ್ಚುಕಡಿಮೆ ಅಷ್ಟೇ ಅಗಲ. ಆದ್ದರಿಂದ ಈ ಅಭ್ಯಾಸಕ್ಕೆ ದುಬಾರಿ ವಾಹನವೇ ಬೇಕೆಂದಿಲ್ಲ; ಗಟ್ಟಿಯಾದ, ಬ್ರೇಕು ಸರಿಯಿರುವ ಸಾಮಾನ್ಯ ಸೈಕಲ್ ಸಾಕು.

ಕಿರಿಮಂಜೇಶ್ವರದ ಬಯಲು

ಕಳೆದ ಮಾಘಮಾಸದಲ್ಲಿ ನಾವು ಆರು ಮಂದಿ ಘಟ್ಟ ಇಳಿದು ಬೈಂದೂರು ಸೀಮೆಯ ಕಿರಿಮಂಜೇಶ್ವರಕ್ಕೆ ಹೋಗಿದ್ದೆವು. ಪ್ರಾಚೀನವಾದ ಅಗಸ್ತ್ಯೇಶ್ವರ ಸನ್ನಿಧಿ ಅಲ್ಲಿದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ದೂರದಲ್ಲಿ ಸಹ್ಯಾದ್ರಿ, ನಡುವೆ ಸಮತಟ್ಟಾದ ಬೈಲುಗಳು. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ನೆಲಗಡಲೆ ಹಸುರಾಗಿತ್ತು. ಕೊಡೇರಿಯಲ್ಲಿ ಹೊಳೆಯು ಕಡಲನ್ನು ಸೇರುವ ಅಳಿವೆಯನ್ನು ಕಂಡೆವು. ಕವಿ ಗೋಪಾಲಕೃಷ್ಣ ಅಡಿಗರು 1918ರಲ್ಲಿ ಜನಿಸಿದ ಮೊಗೇರಿಯೂ ಇಲ್ಲಿಗೆ ಸಮೀಪ.

ದಕ್ಷಿಣಕ್ಕೆ ಸಾಗಿದರೆ ನಾವುಂದ, ಅನಂತರ ಮರವಂತೆ. ಕೊಲ್ಲೂರಿನ ಕಡೆಯಿಂದ ಹರಿದುಬರುವ ಸೌಪರ್ಣಿಕೆ ಇಲ್ಲಿ ಕಡಲಿನ ಮಗ್ಗುಲಿಗೆ ಬಂದರೂ ಅದನ್ನು ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯತ್ತ ಹೋಗುತ್ತದೆ. ಅಲ್ಲಿ ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳೊಡನೆ ಕೂಡಿ ಪಂಚಗಂಗಾವಳಿ ಎನಿಸಿಕೊಂಡು ಸಮುದ್ರ ಸೇರುತ್ತದೆ.

ಲಿಂಗಾಯತ ಓದುಗರಿಗೆ ಈ ನೀರದಾರಿಗಳು ಇನ್ನೊಂದು ಕಾರಣಕ್ಕೂ ಆಪ್ತವಾಗಬೇಕು. ವಾರಾಹಿಯ ದಂಡೆಯ ಬಸರೂರು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರಾಗಿತ್ತು. ಪೋರ್ಚುಗೀಸರು ಬಸರೂರು, ಗಂಗೊಳ್ಳಿಗಳಲ್ಲಿ ಕೋಟೆ ಕಟ್ಟಿ ಈ ವ್ಯಾಪಾರವನ್ನು ಹಿಡಿದಿಟ್ಟುಕೊಂಡಿದ್ದರು. 1645ರಿಂದ 1660ರವರೆಗೆ ಆಳಿದ ಕೆಳದಿಯ ವೀರಶೈವ ಅರಸ ಶಿವಪ್ಪನಾಯಕನು 1650ರ ದಶಕದಲ್ಲಿ ಅವರನ್ನು ಈ ತೀರದಿಂದ ಹೊರದೂಡಿದನು. ಭೂಮಿಯ ಗುಣವನ್ನು ನೋಡಿ ಕಂದಾಯ ಗೊತ್ತುಪಡಿಸಿದ ಅವನ 'ಶಿಸ್ತು' ಇಂದಿಗೂ ಮಾತಿನಲ್ಲಿದೆ. 1665ರಲ್ಲಿ ಶಿವಾಜಿಯ ನೌಕಾಪಡೆ ಬಂದು ಸೂರೆಮಾಡಿದ್ದೂ ಇದೇ ಬಸರೂರನ್ನು. ಇಂತಹ ನೆಲದಲ್ಲಿ ನಿಧಾನವಾಗಿ ಸೈಕಲ್ ತುಳಿಯುವವನಿಗೆ ಅಂಗಕ್ಕೆ ವ್ಯಾಯಾಮವೂ ಅರಿವಿಗೆ ಆಹಾರವೂ ಒಟ್ಟಿಗೆ ದೊರೆಯುತ್ತವೆ.

ಸಮತಟ್ಟು ನೆಲದ ಗುಣ

ಗುಡ್ಡದ ದಾರಿಯಲ್ಲಿ ಹೃದಯದ ಬಡಿತವು ಏರಿನಲ್ಲಿ ಒಮ್ಮೆಲೇ ಹೆಚ್ಚುತ್ತದೆ. ಬಯಲಿನಲ್ಲಿ ಎಷ್ಟು ಶ್ರಮಪಡಬೇಕೆಂಬುದನ್ನು ಸವಾರನೇ ನಿರ್ಧರಿಸಬಹುದು. ಆದುದರಿಂದ ನಡುವಯಸ್ಸು ದಾಟಿದವರಿಗೂ ಹೊಸದಾಗಿ ಆರಂಭಿಸುವವರಿಗೂ ಬಯಲೇ ಯೋಗ್ಯ. ಜಲ್ಲಿಯ ಮೇಲೆ ಚಕ್ರಕ್ಕೆ ತಡೆ ಹೆಚ್ಚು; ಕಡಿಮೆ ವೇಗದಲ್ಲಿಯೇ ಸಾಕಷ್ಟು ವ್ಯಾಯಾಮವಾಗುತ್ತದೆ. ಸಮತೋಲನದ ಅಭ್ಯಾಸವೂ ಆಗುತ್ತದೆ. ದೇಹದ ಭಾರವನ್ನು ಬಹುಮಟ್ಟಿಗೆ ಆಸನವೇ ಹೊರುವುದರಿಂದ ಮೊಣಕಾಲಿಗೆ ಓಟದಷ್ಟು ಪೆಟ್ಟು ಬೀಳದು. ಆದರೆ ಇದೇ ಕಾರಣದಿಂದ ಸೈಕಲ್ ಮೂಳೆಗಳನ್ನು ಹೆಚ್ಚು ಬಲಪಡಿಸದು. ಆದ್ದರಿಂದ ನಡಿಗೆಯನ್ನೂ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಬಿಡಬಾರದು.

ಶ್ರಮವನ್ನು ಅಳೆಯಲು ಯಂತ್ರ ಬೇಡ. ತುಳಿಯುತ್ತ ಮಾತನಾಡಬಲ್ಲೆವು, ಆದರೆ ಹಾಡಲಾರೆವು ಎಂಬ ಸ್ಥಿತಿಯೇ ಮಧ್ಯಮ ತೀವ್ರತೆ. ಒಂದೆರಡು ಮಾತಿಗೇ ಏದುಸಿರು ಬಂದರೆ ವೇಗ ತಗ್ಗಿಸಬೇಕು.

ನಮಗೆ ಪಾಠವಾದ ಮುಂಜಾನೆ

ಎರಡನೆಯ ದಿನ ನಡೆದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ಒಬ್ಬರು ಅರುವತ್ತರ ಸಮೀಪದವರು. ಅಂದು ಬೆಳಗಿನ ಜಾವ ಲಿಂಗಪೂಜೆ ಮುಗಿಸಿ, ಎಂದಿನಂತೆ ಮಾತ್ರೆಯನ್ನು ನುಂಗಿ, ನಮ್ಮನ್ನು ಕಾಯಿಸಬಾರದೆಂದು ಪ್ರಸಾದ ಸ್ವೀಕರಿಸದೆ ಹೊರಟರು. ಮಧುಮೇಹವಿರುವುದನ್ನು ಅವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಒಂದು ಗಂಟೆಯ ಬಳಿಕ ಹೊಳೆಯ ಪಕ್ಕದ ದಾರಿಯಲ್ಲಿ ಅವರ ಸೈಕಲ್ ಅತ್ತಿತ್ತ ಓಲಾಡತೊಡಗಿತು. ಕೈ ನಡುಗುತ್ತಿತ್ತು, ಮೈಯೆಲ್ಲ ತಣ್ಣನೆಯ ಬೆವರು, ಮಾತು ತೊದಲುತ್ತಿತ್ತು. ಬಿಸಿಲಿನ ಆಯಾಸವೆಂದು ಬಗೆದ ನಾವು ನೀರು ಕೊಟ್ಟು ಗಾಳಿ ಬೀಸುತ್ತ ಹೊತ್ತು ಕಳೆದೆವು. ನೆಲಗಡಲೆ ಗದ್ದೆಯಲ್ಲಿದ್ದ ತಾಯಿಯೊಬ್ಬರು ಬಂದು ನೋಡಿ, "ಅವ್ರಿಗೆ ಸಕ್ರಿ ಕಾಯ್ಲೆ ಇತ್ತಾ?" ಎಂದು ಕೇಳಿ, ಮನೆಯಿಂದ ಬೆಲ್ಲದ ನೀರು ತಂದು ಕುಡಿಸಿದರು. ಕಾಲುಗಂಟೆಯಲ್ಲಿ ಅವರು ಚೇತರಿಸಿಕೊಂಡರು. ದಾರಿಯ ಒಂದು ಬದಿಗೆ ಆಳವಾದ ನೀರಿತ್ತು. ಆ ಕಡೆಗೆ ವಾಲಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ರಕ್ತದ ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿಳಿದರೆ ಅದು ಅಪಾಯದ ಸೂಚನೆ. ವ್ಯಾಯಾಮ ಮಾಡುವಾಗ ಸ್ನಾಯುಗಳು ಸಕ್ಕರೆಯನ್ನು ಬೇಗಬೇಗ ಹೀರಿಕೊಳ್ಳುತ್ತವೆ. ಇನ್ಸುಲಿನ್ ಹಾಗೂ ಕೆಲವು ಬಗೆಯ ಮಾತ್ರೆಗಳು ಅದನ್ನು ಇನ್ನಷ್ಟು ಇಳಿಸುತ್ತವೆ. ಹೊಟ್ಟೆ ಬರಿದಾಗಿದ್ದರೆ ಮೂರೂ ಒಂದಾಗುತ್ತವೆ. ಇಂತಹ ವೇಳೆ ಎಚ್ಚರವಿರುವವರಿಗೆ 15 ಗ್ರಾಂನಷ್ಟು, ಅಂದರೆ ಸುಮಾರು ಮೂರು ಚಮಚ, ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷ ಕಾಯಬೇಕು; ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಪೂಜೆಗೆ ಮುನ್ನ ಆಹಾರ ಮುಟ್ಟದಿರುವ ನೇಮವುಳ್ಳವರು ಪೂಜೆಯಾದ ಮೇಲೆ ಪ್ರಸಾದ ಸ್ವೀಕರಿಸಿಯೇ ಹೊರಡಲಿ. ಪ್ರಸಾದವನ್ನು ಬಿಟ್ಟು ಓಡುವುದು ನೇಮವೂ ಅಲ್ಲ, ಆರೋಗ್ಯವೂ ಅಲ್ಲ. ಮಾತ್ರೆಯ ಹೊತ್ತು, ಪ್ರಮಾಣಗಳನ್ನು ವೈದ್ಯರೊಡನೆ ಮೊದಲೇ ಮಾತನಾಡಿಕೊಳ್ಳಬೇಕು.

ಪಾಲಿಸಬೇಕಾದ ಕ್ರಮಗಳು

1. ಆಸನದ ಎತ್ತರ: ಪೆಡಲು ಅತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಆಸನ ತೀರ ತಗ್ಗಾದರೆ ಮೊಣಕಾಲ ಚಿಪ್ಪಿನ ಸುತ್ತ ನೋವು ಬರುತ್ತದೆ.

2. ಟಯರಿನ ಗಾಳಿ: ಜಲ್ಲಿಯಲ್ಲಿ ಡಾಂಬರಿಗಿಂತ ತುಸು ಕಡಿಮೆ ಗಾಳಿಯಿರಲಿ. ಕುಲುಕು ತಗ್ಗುತ್ತದೆ, ಹಿಡಿತ ಹೆಚ್ಚುತ್ತದೆ.

3. ಬ್ರೇಕು: ಮುರಕಲ್ಲಿನ ಉರುಟು ಜಲ್ಲಿ ಚಕ್ರದಡಿ ಉರುಳುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಬೇಕು. ತಿರುವಿನಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿಯಬಾರದು.

4. ಕೈಗಳು: ಕಿರುಬೆರಳು ಜೋಮುಹಿಡಿದರೆ ಅಂಗೈಯ ನರ ಒತ್ತುತ್ತಿದೆಯೆಂದು ತಿಳಿದು ಹಿಡಿತವನ್ನು ಆಗಾಗ ಬದಲಿಸಬೇಕು.

5. ಹೊತ್ತು: ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರದು, ಮೈ ತಣಿಯದು. ಬೆಳಕು ಹರಿಯುತ್ತಲೇ ಹೊರಟು ಬಿಸಿಲೇರುವ ಮುನ್ನ ಮರಳಬೇಕು. ಹೊತ್ತೇರಿದ ಮೇಲೆ ವಾಯವ್ಯದ ಕಡಲಗಾಳಿ ಬೀಸುವುದರಿಂದ ಮರವಂತೆಯಿಂದ ಉತ್ತರಕ್ಕೆ ಹಿಂದಿರುಗುವವರಿಗೆ ಅದು ಎದುರಾಗುತ್ತದೆ. ನೀರಿನೊಡನೆ ಚಿಟಿಕೆ ಉಪ್ಪು ಹಾಕಿದ ಮಜ್ಜಿಗೆಯೂ ಜೊತೆಗಿರಲಿ. ರಕ್ತದೊತ್ತಡದವರು ಉಪ್ಪಿನ ಬಗೆಗೆ ವೈದ್ಯರನ್ನು ಕೇಳಲಿ.

6. ಗಾಯ: ಕಾಲಿನಲ್ಲಿ ಗಾಯವಿರುವಾಗ ಗದ್ದೆ, ತೋಡುಗಳ ನೀರಿಗೆ ಇಳಿಯಬಾರದು, ಇಲಿಜ್ವರ ಅಂಟುವುದು ಹೀಗೆಯೇ.

7. ಹೆದ್ದಾರಿ: ಮರವಂತೆಯಲ್ಲಿ ನದಿಗೂ ಕಡಲಿಗೂ ನಡುವೆ ಇರುವುದು ಕಿರಿದಾದ ನೆಲ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವುದು ಅನಿವಾರ್ಯ. ಹೆಲ್ಮೆಟ್ ಧರಿಸಿ ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರಾಗಿ ಸಾಗಬೇಕು. ದಾಟುವಾಗ ಇಳಿದು ತಳ್ಳಿಕೊಂಡು ದಾಟಬೇಕು.

8. ಎದೆನೋವು, ದವಡೆಗೆ ಅಥವಾ ಎಡತೋಳಿಗೆ ಹರಡುವ ನೋವು, ತಲೆಸುತ್ತು ಕಂಡರೆ ಅಲ್ಲಿಯೇ ನಿಲ್ಲಿಸಿ ವೈದ್ಯರ ನೆರವು ಪಡೆಯಬೇಕು.

ಎಲ್ಲಕ್ಕೂ ಮಿಗಿಲಾಗಿ, ತನ್ನ ಕಾಯಿಲೆಯನ್ನು ಜೊತೆಗಾರರಿಗೆ ತಿಳಿಸುವುದರಲ್ಲಿ ಸಂಕೋಚವಿರಬಾರದು. ಈಗ ನಾವು ಹೊರಡುವ ಮುನ್ನ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ: ಪ್ರಸಾದವಾಯಿತೇ, ಮಾತ್ರೆ ಯಾವುದು, ಬೆಲ್ಲದ ಪೊಟ್ಟಣ ಎಲ್ಲಿದೆ? ಹೆಸರನ್ನೂ ಹೇಳದೆ ಗದ್ದೆಗೆ ಮರಳಿದ ಆ ತಾಯಿ ತೋರಿದ್ದು ದಾಸೋಹವನ್ನೇ. ಅದೇ ಎಚ್ಚರವನ್ನು ನಾವು ಪರಸ್ಪರರಲ್ಲಿ ಉಳಿಸಿಕೊಂಡರೆ ಸವಾರಿಯೂ ಸತ್ಸಂಗವಾಗುತ್ತದೆ.