ರಾಣಿ ನಮ್ಮದು, ಗಂಡು ನೊಣ ಊರಿನದು

ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ಬಗ್ಗದ ರಾಣಿ ಇದ್ದರೆ ಒಂದು ಕೊಡಿ ಎಂದು ಕೇಳಿಕೊಂಡು ಆಗಾಗ ಯಾರಾದರೂ ನಮ್ಮ ಮನೆಗೆ ಬರುತ್ತಾರೆ. ಶಿರಸಿ ಸೀಮೆಯ ಅಡಿಕೆ ತೋಟದಲ್ಲಿ ತುಡುವೆ ಜೇನು ಸಾಕಿಕೊಂಡು ಬಂದವನು ನಾನು. ರಾಣಿ ಕೊಡುವುದಕ್ಕೆ ಅಡ್ಡಿಯಿಲ್ಲ. ಆದರೆ ಅದು ಯಾವ ಯಾವ ಗಂಡು ನೊಣಗಳ ಜೊತೆ ಕೂಡಿ ಬಂದಿದೆ ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ರೋಗಕ್ಕೆ ಬಗ್ಗದ ತಳಿ ಮಾಡಲು ಹೊರಟವನಿಗೆ ಎದುರಾಗುವ ಮುಖ್ಯ ತೊಡಕೇ ಇದು.

1976ರಲ್ಲಿ ಥಾಯ್ಲೆಂಡ್‌ನಲ್ಲಿ ಗುರುತಿಸಿದ ಈ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದದ್ದು 1991-92ರ ಸುಮಾರಿಗೆ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ ಎಲ್ಲ ಕಡೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಕೋಶದ ಬಾಯಿ ಮುಚ್ಚುವ ಹೊತ್ತಿಗೆ ಮರಿ ಬೆನ್ನಡಿಯಾಗಿ, ತಲೆ ಮೇಲೆತ್ತಿ ಸಾಯುತ್ತದೆ. ಸೂಜಿಯಿಂದ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಮೇಲೆ ಬರುತ್ತದೆ, ವಾಸನೆ ಇರುವುದಿಲ್ಲ. ಮರಿ ಸತ್ತಂತೆ ಕುಟುಂಬ ಸೊರಗುತ್ತದೆ, ಇಲ್ಲವೇ ಪರಾರಿಯಾಗುತ್ತದೆ. ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆಮೇಲೆ ಮತ್ತೆ ಪೆಟ್ಟಿಗೆ ತುಂಬಿದ್ದು ಪೊಟರೆಯಲ್ಲಿ, ಹುತ್ತದಲ್ಲಿ ಉಳಿದುಕೊಂಡಿದ್ದ ಕುಟುಂಬಗಳಿಂದ. ಮೊದಲ ಸುತ್ತಿನ ಆಯ್ಕೆಯನ್ನು ಕಾಡೇ ಮಾಡಿಕೊಟ್ಟಿತ್ತು. ಅಲ್ಲಿಂದ ಮುಂದಿನದ್ದು ನಮ್ಮ ಪಾಲಿಗೆ ಬಂತು.

ಪುಸ್ತಕದ ದಾರಿ ಸರಳವಾಗಿ ಕಾಣುತ್ತದೆ. ಅಮೆರಿಕದ ವಿಜ್ಞಾನಿ ರೋಥನ್‌ಬುಹ್ಲರ್ 1964ರಲ್ಲಿ ಮೆಲ್ಲಿಫೆರಾ ಜೇನಿನ ಬಗ್ಗೆ ಬರೆದರು: ಕೆಲವು ಕುಟುಂಬದ ನೊಣಗಳು ಸತ್ತ ಮರಿಯ ಕೋಶದ ಮುಚ್ಚಳ ತೆಗೆದು, ಮರಿಯನ್ನು ಎಳೆದು ಹೊರಗೆ ಹಾಕುತ್ತವೆ, ಈ ಶುಚಿಯ ಗುಣ ತಾಯಿತಂದೆಯಿಂದ ಬರುತ್ತದೆ. ಅದನ್ನು ಅಳೆಯಲು ಸೂಜಿ ಪರೀಕ್ಷೆ ಇದೆ. ಮುಚ್ಚಿದ ಕೋಶಗಳನ್ನು ತೆಳು ಸೂಜಿಯಿಂದ ಚುಚ್ಚಿ, ಮರುದಿನ ಎಷ್ಟು ಖಾಲಿಯಾಗಿವೆ ಎಂದು ಎಣಿಸುವುದು. ನಾನೂ ಮಾಡಿ ನೋಡಿದೆ. ತುಡುವೆಯಲ್ಲಿ ಇದರಿಂದ ಹೆಚ್ಚೇನೂ ತಿಳಿಯಲಿಲ್ಲ. ಅವು ಹುಟ್ಟಾ ಶುಚಿಗಾರರು, ಒಳ್ಳೆಯ ಪೆಟ್ಟಿಗೆಯೂ ಕೆಟ್ಟ ಪೆಟ್ಟಿಗೆಯೂ ಹೆಚ್ಚುಕಡಿಮೆ ಒಂದೇ ಅಂಕ ಪಡೆಯುತ್ತವೆ. ಸಾಲದ್ದಕ್ಕೆ ಇನ್ನೊಂದು ಪೇಚು ಇದೆ. ವೈರಸ್ ತುಂಬಿದ ಮರಿಯನ್ನು ಎಳೆದು ಹಾಕುವಾಗ ಅದರ ದ್ರವ ನೊಣದ ಬಾಯಿಗೆ ಹೋಗುತ್ತದೆ. ಮರಿಗಳಿಗೆ ಊಟ ಒಸರುವ ಗ್ರಂಥಿಯಲ್ಲೇ ವೈರಸ್ ಮನೆ ಮಾಡುತ್ತದೆ. ಅಂದರೆ ಶುಚಿ ಮಾಡಿದವಳೇ ರೋಗ ಹಂಚಬಹುದು. ಆದ್ದರಿಂದ ನಾನು ಸೂಜಿಗಿಂತ ಮಳೆಗಾಲವನ್ನು ನಂಬುತ್ತೇನೆ. ಮಕರಂದವಿಲ್ಲದೆ, ತೇವದಲ್ಲಿ, ನೊಣ ಕಡಿಮೆಯಾದಾಗಲೂ ಯಾವ ಪೆಟ್ಟಿಗೆಯ ಮರಿ ಎರಿ ಹದವಾಗಿ ತುಂಬಿರುತ್ತದೋ ಆ ಪೆಟ್ಟಿಗೆಗೆ ಒಂದು ಗುರುತು ಹಾಕುತ್ತೇನೆ. ಅದರದ್ದೇ ಮಗಳು ಮುಂದಿನ ಮಳೆಗಾಲವನ್ನೂ ಹಾಗೇ ದಾಟಿದರೆ ಮಾತ್ರ ಎರಡನೆಯ ಗುರುತು.

ಇಷ್ಟು ಬಿಗಿ ಯಾಕೆ ಅಂದರೆ, ರಾಣಿ ಬದಲಿಸಿದ ಪೆಟ್ಟಿಗೆ ಎಲ್ಲರನ್ನೂ ಏಮಾರಿಸುತ್ತದೆ. ಹಳೆ ರಾಣಿಯನ್ನು ತೆಗೆದು ಬಲಿತ ರಾಣಿ ಕೋಶ ಕೊಟ್ಟಿರಿ ಅನ್ನಿ. ಹೊಸದು ಹೊರಬಂದು, ಕೂಡಿ, ಮೊಟ್ಟೆಯಿಡುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಎಳೆ ಮರಿಯೇ ಉಳಿದಿರುವುದಿಲ್ಲ. ವೈರಸ್ಸಿಗೆ ಬೇಕಾದದ್ದೇ ಎಳೆ ಮರಿ. ಅದು ಸಿಗದೆ ರೋಗ ತಾನಾಗಿ ಇಳಿಯುತ್ತದೆ. ನಾವು ರಾಣಿಯ ಗುಣವೆಂದು ಬೀಗುತ್ತೇವೆ. ರಾಣಿ ಮಾರುವವರು ತಿಂಗಳೊಳಗೆ ಫಲಿತಾಂಶ ತೋರಿಸಿದರೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ, ಅಷ್ಟೇ.

ಇನ್ನು ಗಂಡು ನೊಣದ ವಿಷಯ. ಕನ್ಯೆ ರಾಣಿ ಆಕಾಶದಲ್ಲಿ ಹತ್ತಾರು ಗಂಡು ನೊಣಗಳ ಜೊತೆ ಕೂಡಿ ಬರುತ್ತದೆ, ಆಮೇಲೆ ಜೀವಮಾನವಿಡೀ ಅದೇ ವೀರ್ಯ. ಆ ಗಂಡುಗಳು ಪಕ್ಕದ ತೋಟದವು, ಬೆಟ್ಟದ ಪೊಟರೆಯವು, ಯಾರೋ ಲಾರಿಯಲ್ಲಿ ತಂದಿಟ್ಟ ಪೆಟ್ಟಿಗೆಯವು. ಯಂತ್ರದಿಂದ ಗರ್ಭಧಾರಣೆ ಮಾಡಿಸುವುದು ನಮ್ಮಂಥವರ ಕೈಗೆಟುಕುವ ಕೆಲಸವಲ್ಲ. ನಮ್ಮ ಕೈಯಲ್ಲಿರುವುದು ಕತ್ತಿ ಮಾತ್ರ. ತುಡುವೆಯ ಗಂಡು ಮರಿಯ ಕೋಶ ಎದ್ದು ಕಾಣುತ್ತದೆ: ಉಬ್ಬಿದ ಮುಚ್ಚಳ, ನಡುವೆ ಒಂದು ಸಣ್ಣ ತೂತು. ಸೊರಗುವ ಪೆಟ್ಟಿಗೆಯಲ್ಲಿ ಆ ಎರಿಯನ್ನು ಕತ್ತರಿಸಿ ತೆಗೆಯುತ್ತೇನೆ. ಗುರುತು ಹಾಕಿದ ಪೆಟ್ಟಿಗೆಯಲ್ಲಿ ಗಂಡು ಎರಿ ಕಟ್ಟಿಕೊಳ್ಳಲು ಜಾಗ ಬಿಡುತ್ತೇನೆ. ಕುಟುಂಬ ಪಾಲಾಗುವ ಕಾಲಕ್ಕೆ ಊರಿನ ಆಕಾಶದಲ್ಲಿ ಒಳ್ಳೆಯವು ಹೆಚ್ಚಿರಲಿ ಅಂತ.

ಹಾಗೆಂದು ಒಂದೇ ಚಾಂಪಿಯನ್ ರಾಣಿಯ ಮಕ್ಕಳಿಂದ ಎಲ್ಲ ಪೆಟ್ಟಿಗೆ ತುಂಬುವುದೂ ಸಲ್ಲದು. ಜೇನಿನಲ್ಲಿ ಹೆಣ್ಣೋ ಗಂಡೋ ಎಂದು ತೀರ್ಮಾನಿಸುವ ಜೀನ್ ಒಂದಿದೆ. ಅದರ ಎರಡು ಬೇರೆ ಬೇರೆ ರೂಪ ಸೇರಿದರೆ ಹೆಣ್ಣು. ರಕ್ತಸಂಬಂಧ ಹತ್ತಿರವಾಗಿ ಒಂದೇ ರೂಪ ಎರಡೂ ಕಡೆಯಿಂದ ಬಂದರೆ ಅಸಹಜ ಗಂಡು ಮರಿ. ಅಂಥವನ್ನು ಕೆಲಸಗಾರ ನೊಣಗಳೇ ತಿಂದು ಮುಗಿಸುತ್ತವೆ. ಆಗ ಎರಿಯ ತುಂಬ ಅಲ್ಲಲ್ಲಿ ಖಾಲಿ ಕೋಶ, ನೋಡಿದವರಿಗೆ ರೋಗವೇ ಬಂತೇನೋ ಅನ್ನಿಸುವ ಹಾಗೆ! ಅದಕ್ಕೇ ಸಾಧಾರಣದ್ದಾದರೂ ಬೇರೆ ಬೇರೆ ಮೂಲದ ರಾಣಿಗಳನ್ನು ಉಳಿಸಿಕೊಳ್ಳುತ್ತೇನೆ. ಬೆಟ್ಟದಿಂದ ತಾನಾಗಿ ಬಂದು ಕೂತ ಕುಟುಂಬ ಸಿಕ್ಕರೆ ಬಿಡುವುದಿಲ್ಲ.

ಇದೆಲ್ಲ ನನ್ನ ತೋಟದ ಬೇಲಿಯೊಳಗೆ ಮುಗಿಯುವ ಕೆಲಸವಲ್ಲ. ಪಕ್ಕದ ಮನೆಯ ಭಾವನ ಹತ್ತಿರ ಒಂದು ಪೆಟ್ಟಿಗೆಯಿದೆ. ನಮ್ಮ ಕೇರಿಯಲ್ಲೇ ಹೆಚ್ಚು ತುಪ್ಪ ಕೊಡುವುದು ಅದು, ಪ್ರತಿ ಮಳೆಗಾಲ ಮರಿ ಸಾಯುವುದೂ ಅದರಲ್ಲೇ. ಭಾವ ಸಕ್ಕರೆ ಪಾಕ ಕೊಟ್ಟು, ಬೇರೆ ಪೆಟ್ಟಿಗೆಯ ಮರಿ ಎರಿ ಸೇರಿಸಿ, ಹೇಗೋ ಅದನ್ನು ಉಳಿಸಿಕೊಳ್ಳುತ್ತಾನೆ. ಮಾಗಿಯಲ್ಲಿ ಅದರಿಂದಲೇ ರಾಶಿ ಗಂಡು ನೊಣ ಹೊರಡುತ್ತವೆ. ಗಂಡು ಎರಿಯನ್ನಾದರೂ ತೆಗೆ ಮಾರಾಯ ಅಂದರೆ, "ತುಪ್ಪ ಕೊಡೋ ಪೆಟ್ಟಿಗೆಗೆ ಕತ್ತಿ ಹಾಕು ಅಂತೀಯಲ್ಲ ಭಾವ" ಎಂದು ನಗುತ್ತಾನೆ. ವಾದ ಮಾಡಿ ಪ್ರಯೋಜನವಿಲ್ಲ, ಅವನ ಲೆಕ್ಕ ಡಬ್ಬಿಯಲ್ಲಿ ಕಣ್ಣಿಗೆ ಕಾಣುತ್ತದೆ, ನನ್ನದು ಕಾಣುವುದಿಲ್ಲ. ಈ ಸಲ ಅವನ ಬೇರೊಂದು ಪೆಟ್ಟಿಗೆಗೆ ನನ್ನಿಂದ ರಾಣಿ ಕೋಶ ಹಾಕಿಸಿಕೊಳ್ಳಲು ಒಪ್ಪಿದ್ದಾನೆ. ಅದು ಎರಡು ಮಳೆಗಾಲ ದಾಟಿ, ತುಪ್ಪವನ್ನೂ ಕೊಟ್ಟರೆ ಕತ್ತಿಯ ಮಾತನ್ನು ಮತ್ತೆ ಎತ್ತುತ್ತೇನೆ.