ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೋ: ದೂರವೆಷ್ಟು? ಹೊತ್ತೆಷ್ಟು?

ಎರಡು ಊರುಗಳ ನಡುವಣ ದೂರವೆಷ್ಟು, ಪ್ರಯಾಣಕ್ಕೆ ಹಿಡಿಯುವ ಹೊತ್ತೆಷ್ಟು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಸುಲಭವಾದವು. ಮುಂಬಯಿಯಿಂದ ಧಾರವಾಡಕ್ಕೆ ಹೋಗುವವರಿಗೆ ರೈಲಿನ ವೇಳಾಪತ್ರಿಕೆಯೇ ಸಾಕು. ಆದರೆ ಊರುಗಳು ಭೂಮಿಯ ಆಚೆ ಈಚೆಯ ಮಗ್ಗುಲುಗಳಲ್ಲಿದ್ದರೆ ನಕ್ಷೆಯೂ ಗಡಿಯಾರವೂ ನಮ್ಮನ್ನು ದಾರಿ ತಪ್ಪಿಸಬಲ್ಲವು. ಬೆಂಗಳೂರು ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ದೂರದ ವಿಚಾರ. ಗೋಡೆಯ ನಕ್ಷೆಯಲ್ಲಿ ಶಾಂತಸಾಗರದ ಮೇಲೆ ನೇರವಾಗಿ ಎಳೆದ ಗೆರೆಯೇ ಹತ್ತಿರದ ದಾರಿಯೆಂದು ತೋರುವುದು. ಈಗ ಭೂಗೋಲದ ಮೇಲೆ ಈ ಎರಡು ನಗರಗಳ ನಡುವೆ ಒಂದು ದಾರವನ್ನು ಬಿಗಿಹಿಡಿಯಿರಿ. ದಾರವು ಉತ್ತರಕ್ಕೆ ಸರಿದು ಆರ್ಕ್ಟಿಕ್ ವೃತ್ತವನ್ನೂ ದಾಟುವುದು. ಇದಕ್ಕೆ ಮಹಾವೃತ್ತದ ಮಾರ್ಗವೆಂದು ಹೆಸರು. ಇದರ ಉದ್ದ ಸುಮಾರು ೧೪,೦೦೦ ಕಿಲೋಮೀಟರು. ನಕ್ಷೆಯ ನೇರ ಗೆರೆಯನ್ನು ಹಿಡಿದು ಹೋದರೆ ಸುಮಾರು ೨,೦೦೦ ಕಿಲೋಮೀಟರು ಅಧಿಕವಾಗುವುದು. ಗೋಲಾಕಾರದ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಿದಾಗ ಧ್ರುವಗಳ ಸಮೀಪದ ಪ್ರದೇಶ ಹಿಗ್ಗುವುದೇ ಇದಕ್ಕೆ ಕಾರಣ.

ಉತ್ತರ ಧ್ರುವದ ಮೇಲೆಯೇ ಹೋದರೆ? ಬೆಂಗಳೂರು ೧೩ ಅಂಶ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ಧ್ರುವಕ್ಕೆ ೭೭ ಅಂಶ. ಸ್ಯಾನ್ ಫ್ರಾನ್ಸಿಸ್ಕೋ ಸುಮಾರು ೩೮ರಲ್ಲಿದೆ. ಧ್ರುವದಿಂದ ಅಲ್ಲಿಗೆ ೫೨. ಒಟ್ಟು ೧೨೯ ಅಂಶ. ಒಂದು ಅಂಶಕ್ಕೆ ೧೧೧ ಕಿಲೋಮೀಟರಿನಂತೆ ಸುಮಾರು ೧೪,೩೦೦ ಕಿಲೋಮೀಟರು. ಹೆಚ್ಚಿನ ಅಂತರವೇನೂ ಇಲ್ಲ. ೨೦೨೧ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಚಾಲಕರೇ ಏರ್ ಇಂಡಿಯಾದ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿಸಿ, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ತಂದರು.

ಇನ್ನು ಕಾಲದ ವಿಚಾರ. ಆ ವಿಮಾನ ಹೊರಟುದು ೯ನೆಯ ತಾರೀಖಿನ ರಾತ್ರಿ ಎಂಟೂವರೆಯ ಸುಮಾರಿಗೆ. ಬೆಂಗಳೂರು ಮುಟ್ಟಿದ್ದು ೧೧ನೆಯ ತಾರೀಖಿನ ನಸುಕಿನಲ್ಲಿ. ಹಾಗಾದರೆ ಒಂದು ದಿನಕ್ಕಿಂತ ಹೆಚ್ಚು ಹಾರಿತೇ? ಇಲ್ಲ. ಭಾರತದ ಕಾಲ ಗ್ರಿನಿಚ್ಚಿಗಿಂತ ಐದೂವರೆ ಗಂಟೆ ಮುಂದು. ಸ್ಯಾನ್ ಫ್ರಾನ್ಸಿಸ್ಕೋದ ಕಾಲ ಚಳಿಗಾಲದಲ್ಲಿ ಎಂಟು ಗಂಟೆ ಹಿಂದು. ಎರಡನ್ನೂ ಕೂಡಿಸಿದರೆ ಅಂತರ ಹದಿಮೂರೂವರೆ ಗಂಟೆ. ಅಲ್ಲಿ ೯ರ ರಾತ್ರಿ ಎಂಟೂವರೆಯಾದಾಗ ಬೆಂಗಳೂರಿನಲ್ಲಿ ೧೦ರ ಬೆಳಿಗ್ಗೆ ಹತ್ತು ಗಂಟೆ. ಅದಕ್ಕೆ ಹಾರಾಟದ ಸುಮಾರು ೧೭ ಗಂಟೆಗಳನ್ನು ಸೇರಿಸಿರಿ. ೧೧ರ ನಸುಕಿನ ಮೂರು ಗಂಟೆಯಾಗುವುದು. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಹನ್ನೆರಡೂವರೆಗೆ ಇಳಿಯುವುದು.

ಇದು ಕೇವಲ ಪರೀಕ್ಷೆಯ ಲೆಕ್ಕವಲ್ಲ. ಇಂದು ಅನೇಕ ಮನೆಗಳ ಅಣ್ಣ, ಅಕ್ಕಂದಿರು ಪರದೇಶದಲ್ಲಿದ್ದಾರೆ. ತಾರೀಖನ್ನು ತಪ್ಪಾಗಿ ಎಣಿಸಿದ ಹಿರಿಯರು ವಿಮಾನ ನಿಲ್ದಾಣದಲ್ಲಿ ಒಂದು ದಿನ ಮೊದಲೇ ಹೋಗಿ ಕಾಯಬೇಕಾದೀತು. ಮನೆಯಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳುವ ಹೊಣೆ ಕಲಿತ ನಿಮ್ಮದು.

ವಿದ್ಯಾರ್ಥಿಗಳೇ, ಈ ಪ್ರಶ್ನೆಯನ್ನು ನೀವೇ ಬಿಡಿಸಿರಿ: ಜನವರಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮುಂಬಯಿಯಿಂದ ಹೊರಟ ವಿಮಾನ ಹತ್ತು ಗಂಟೆ ಹಾರಿ ಲಂಡನ್ನಿಗೆ ಮುಟ್ಟಿದರೆ, ಅಲ್ಲಿನ ಗಡಿಯಾರದಲ್ಲಿ ಎಷ್ಟು ಗಂಟೆ?